26 ಡಾಲರಿನ ಮಕ್ಕಳು, 333 ಡಾಲರಿನ ಮಕ್ಕಳು

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಬಣ್ಣ ನೋಡಿ ಬೇರ್ಪಡಿಸೋದು 1954ರ ಬ್ರೌನ್ ತೀರ್ಪಿನೊಂದಿಗೆ ಮುಗೀತು ಅಂತ ನಾವು ಓದಿರ್ತೀವಿ. ಕಾಗದದ ಮೇಲೆ ಮುಗೀತು, ಸರಿ. ಇವತ್ತು ಹೇಳ್ತಿರೋದು ಅದಾಗಿ ಹದಿನಾಲ್ಕು ವರ್ಷದ ಮೇಲೆ ಶುರುವಾದ ಇನ್ನೊಂದು ಮೊಕದ್ದಮೆಯ ಕತೆ. ಇದರಲ್ಲಿ ಜಗಳ ಇದ್ದದ್ದು ಆಸ್ತಿ ತೆರಿಗೆಯ ಮೇಲೆ.

ಊರು ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ. 1968ರ ಮೇ 16ರಂದು ಊರಿನ ಪಶ್ಚಿಮ ಭಾಗದ ಎಡ್ಜ್‌ವುಡ್ ಹೈಸ್ಕೂಲಿನ ಸುಮಾರು 400 ಮಕ್ಕಳು ತರಗತಿ ಬಿಟ್ಟು ಹೊರಗೆ ನಡೆದರು. ಅವರು ಕೇಳಿದ್ದು ದೊಡ್ಡದೇನಲ್ಲ: ಅರ್ಹತೆ ಇರುವ ಮೇಷ್ಟ್ರು, ರಿಪೇರಿಯಾದ ಕಟ್ಟಡ. ತಂದೆ–ತಾಯಂದಿರು ಅದೇ ಜುಲೈನಲ್ಲಿ ಕೋರ್ಟಿಗೆ ಹೋದರು. ಮೊದಲ ಹೆಸರು ಡಿಮಿಟ್ರಿಯೊ ರಾಡ್ರಿಗಸ್. ಕೆಲ್ಲಿ ವಾಯುನೆಲೆಯಲ್ಲಿ ತಗಡಿನ ಕೆಲಸ ಮಾಡ್ತಿದ್ದ ಮನುಷ್ಯ. ವಕೀಲರು ಆರ್ಥರ್ ಗೋಕ್‌ಮನ್.

ಈಗ ಸ್ವಲ್ಪ ಲೆಕ್ಕ. ಬೇಜಾರಾಗಬೇಡಿ, ಇಡೀ ಕತೆ ಇರೋದು ಇಲ್ಲೇ. ಅಮೆರಿಕದಲ್ಲಿ ಶಾಲೆ ನಡೆಸೋದು ಶಾಲಾ ಜಿಲ್ಲೆ. ನಮ್ಮ ಕಂದಾಯ ಜಿಲ್ಲೆಯಂತಲ್ಲ, ಒಂದೇ ಊರಲ್ಲಿ ಹಲವು ಇರಬಹುದು. ತನ್ನ ಗಡಿಯೊಳಗಿನ ಮನೆ, ಅಂಗಡಿ, ಕಾರ್ಖಾನೆಗಳ ಮೇಲೆ ಅದೇ ತೆರಿಗೆ ಹಾಕುತ್ತೆ. ಎಡ್ಜ್‌ವುಡ್‌ನಲ್ಲಿ 25 ಶಾಲೆ, ಸುಮಾರು 22,000 ಮಕ್ಕಳು. ನೂರಕ್ಕೆ 90 ಮಂದಿ ಮೆಕ್ಸಿಕನ್ ಮೂಲದವರು, ಆರಕ್ಕಿಂತ ಹೆಚ್ಚು ಕಪ್ಪು ಜನಾಂಗದವರು. ತೆರಿಗೆ ಕಟ್ಟುವ ದೊಡ್ಡ ವ್ಯಾಪಾರ–ಕೈಗಾರಿಕೆ ಅಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ತಲಾ ವಿದ್ಯಾರ್ಥಿಗೆ ಬರುವ ಆಸ್ತಿಯ ಮೌಲ್ಯ 5,960 ಡಾಲರ್. ಅದೇ ಊರಿನ ಆಲಮೊ ಹೈಟ್ಸ್ ಜಿಲ್ಲೆಯಲ್ಲಿ 6 ಶಾಲೆ, ಸುಮಾರು 5,000 ಮಕ್ಕಳು, ಬಹುಪಾಲು ಬಿಳಿಯರು. ತಲಾ ಆಸ್ತಿ 49,000 ಡಾಲರಿಗೂ ಮೇಲೆ.

ಬಡವರು ತೆರಿಗೆ ಕಟ್ಟಲ್ಲ, ಅದಕ್ಕೇ ಶಾಲೆ ಹೀಗಿದೆ ಅಂತೀರಾ? 1967–68ರಲ್ಲಿ ಎಡ್ಜ್‌ವುಡ್ ಜನ 100 ಡಾಲರ್ ಆಸ್ತಿಗೆ 1 ಡಾಲರ್ 5 ಸೆಂಟ್ ಕಟ್ಟಿದರು; ಆ ಮಹಾನಗರದಲ್ಲೇ ಅತಿ ಹೆಚ್ಚಿನ ದರ. ಆಲಮೊ ಹೈಟ್ಸ್ ಕಟ್ಟಿದ್ದು 85 ಸೆಂಟ್. ರಾಜ್ಯದ ನಿಧಿಗೆ ಕೊಡಬೇಕಾದ ಪಾಲು ಕಳೆದ ಮೇಲೆ ಎಡ್ಜ್‌ವುಡ್ ಕೈಯಲ್ಲಿ ಪ್ರತಿ ಮಗುವಿಗೆ ಉಳಿದದ್ದು 26 ಡಾಲರ್. ಆಲಮೊ ಹೈಟ್ಸ್‌ಗೆ 333. ಜಾಸ್ತಿ ತೆರಿಗೆ ಕಟ್ಟಿದವರಿಗೆ ಹನ್ನೆರಡನೇ ಒಂದು ಪಾಲೂ ಇಲ್ಲ! ಹೋಗಲಿ, ರಾಜ್ಯವಾದರೂ ಸರಿದೂಗಿಸಿತಾ? ಬಡ ಜಿಲ್ಲೆಗೆ ಟೆಕ್ಸಾಸ್ ಕೊಟ್ಟದ್ದು 222 ಡಾಲರ್, ಶ್ರೀಮಂತ ಜಿಲ್ಲೆಗೆ 225. ಹೌದು, ಮೂರು ಡಾಲರ್ ಹೆಚ್ಚು. ಕೇಂದ್ರದ ಹಣವನ್ನೂ ಸೇರಿಸಿದರೆ ಒಟ್ಟು 356ಕ್ಕೆ ಎದುರಾಗಿ 594.

ಈ ಅಂತರ ತರಗತಿಯಲ್ಲೂ ಕಾಣ್ತಿತ್ತು. ಪೂರ್ಣ ಅರ್ಹತೆಯಿಲ್ಲದೆ ತುರ್ತು ಪರವಾನಗಿಯ ಮೇಲೆ ಪಾಠ ಮಾಡುತ್ತಿದ್ದ ಶಿಕ್ಷಕರು ಎಡ್ಜ್‌ವುಡ್‌ನಲ್ಲಿ ನೂರಕ್ಕೆ 47, ಆಲಮೊ ಹೈಟ್ಸ್‌ನಲ್ಲಿ 11.

1971ರ ಡಿಸೆಂಬರ್‌ನಲ್ಲಿ ಮೂವರು ನ್ಯಾಯಾಧೀಶರ ಫೆಡರಲ್ ಪೀಠ ತಂದೆ–ತಾಯಂದಿರ ಪರ ತೀರ್ಪು ಕೊಟ್ಟಿತು. ಟೆಕ್ಸಾಸ್ ಸುಪ್ರೀಂ ಕೋರ್ಟಿಗೆ ಹೋಯಿತು. ಇಲ್ಲೊಂದು ತಮಾಷೆ ಇದೆ. ಪ್ರಕರಣದ ಹೆಸರು 'ಸ್ಯಾನ್ ಆಂಟೋನಿಯೊ ಶಾಲಾ ಜಿಲ್ಲೆ ವಿರುದ್ಧ ರಾಡ್ರಿಗಸ್'. ಆದರೆ ಆ ಜಿಲ್ಲೆಯನ್ನು ಪ್ರಕರಣದಿಂದ ಮೊದಲೇ ಕೈಬಿಡಲಾಗಿತ್ತು. ಆಮೇಲೆ ಅದು ರಾಡ್ರಿಗಸ್ ಪರವಾಗಿಯೇ ವಾದಪತ್ರ ಸಲ್ಲಿಸಿತು. ಹೆಸರು ಮಾತ್ರ ಎದುರಾಳಿಯದ್ದಾಗೇ ಉಳೀತು.

1973ರ ಮಾರ್ಚ್ 21. ಐದಕ್ಕೆ ನಾಲ್ಕು ಮತದಿಂದ ರಾಡ್ರಿಗಸ್ ಸೋತರು. ತೀರ್ಪು ಬರೆದ ಲೂಯಿಸ್ ಪೊವೆಲ್ ಹಿಂದೆ ರಿಚ್ಮಂಡ್ ನಗರದ ಶಾಲಾ ಮಂಡಳಿಯ ಅಧ್ಯಕ್ಷರಾಗಿದ್ದವರು, ಶಾಲೆಯ ಬಜೆಟ್ ಗೊತ್ತಿಲ್ಲದವರಲ್ಲ. ಶಿಕ್ಷಣ ಅನ್ನೋ ಪದವೇ ಸಂವಿಧಾನದಲ್ಲಿಲ್ಲ, ಹಾಗಾಗಿ ಅದು ಮೂಲಭೂತ ಹಕ್ಕಲ್ಲ ಅನ್ನೋದು ಅವರ ವಾದದ ತಿರುಳು. ದುಡ್ಡು ಸುರಿದರೆ ಕಲಿಕೆ ಸುಧಾರಿಸುತ್ತೆ ಅನ್ನೋದರಲ್ಲೂ ತಜ್ಞರಿಗೇ ಒಮ್ಮತವಿಲ್ಲ ಅಂದರು. 1966ರ ಕೋಲ್ಮನ್ ವರದಿ, ಮಕ್ಕಳ ಸಾಧನೆಗೆ ಶಾಲೆಯ ಖರ್ಚಿಗಿಂತ ಮನೆಯ ಹಿನ್ನೆಲೆ ಮುಖ್ಯ ಅಂದಿತ್ತಲ್ಲ, ಆ ಚರ್ಚೆ ಆಗ ಬಿಸಿಯಾಗಿತ್ತು. ಬ್ರೌನ್ ಪ್ರಕರಣವನ್ನು ವಕೀಲರಾಗಿ ಗೆದ್ದಿದ್ದ ಥರ್ಗುಡ್ ಮಾರ್ಷಲ್ ಈಗ ಪೀಠದಲ್ಲೇ ಇದ್ದರು. ಅವರದು ಉದ್ದನೆಯ ಭಿನ್ನಮತ. ಮಾತಾಡುವ ಹಕ್ಕು, ಓಟಿನ ಹಕ್ಕು ಎರಡಕ್ಕೂ ಓದು ಬೇಕಲ್ಲ ಅನ್ನೋ ಅವರ ತರ್ಕವೇ ನನಗೆ ಹೆಚ್ಚು ಗಟ್ಟಿ ಅನ್ನಿಸುತ್ತೆ.

ಹಣದಿಂದ ಏನೂ ಆಗಲ್ಲ ಅನ್ನೋ ಮಾತಿಗೆ ಉತ್ತರ ತಡವಾಗಿ ಬಂತು. 2016ರಲ್ಲಿ ಜಾಕ್ಸನ್, ಜಾನ್ಸನ್, ಪರ್ಸಿಕೊ ಎಂಬ ಮೂವರು ಅರ್ಥಶಾಸ್ತ್ರಜ್ಞರು, ಇಂಥ ಕೋರ್ಟು ತೀರ್ಪುಗಳಿಂದಾಗಿ ಹಣ ಹೆಚ್ಚಿದ ಜಿಲ್ಲೆಗಳ ಮಕ್ಕಳು ದೊಡ್ಡವರಾದ ಮೇಲೆ ಏನಾದರು ಅಂತ ನೋಡಿದರು. ಹನ್ನೆರಡು ವರ್ಷವೂ ಶೇ. 10ರಷ್ಟು ಹೆಚ್ಚು ಖರ್ಚಾದರೆ ಮುಂದೆ ಸಂಬಳ ಸುಮಾರು ಶೇ. 7ರಷ್ಟು ಹೆಚ್ಚು, ಬಡ ಮನೆಯ ಮಕ್ಕಳಿಗೆ ಅದಕ್ಕೂ ಹೆಚ್ಚು.

ಪೊವೆಲ್ ಎದುರಿಸಿದ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟಿಗೂ ಬಂತು, ಅದೂ ಕರ್ನಾಟಕದ ವೈದ್ಯಕೀಯ ಕಾಲೇಜಿನ ಕ್ಯಾಪಿಟೇಷನ್ ಶುಲ್ಕದಿಂದ. 1992ರ ಮೋಹಿನಿ ಜೈನ್ ಪ್ರಕರಣದಲ್ಲಿ, ಬದುಕುವ ಹಕ್ಕಿನೊಳಗೇ ಶಿಕ್ಷಣವಿದೆ ಅಂದಿತು ಕೋರ್ಟು. ಮರುವರ್ಷ ಅದನ್ನು 14 ವರ್ಷದವರೆಗಿನ ಮಕ್ಕಳಿಗೆ ಸೀಮಿತ ಮಾಡಿದರು, 2002ರಲ್ಲಿ 21ಎ ವಿಧಿಯಾಯಿತು. ಹಣದ ಹಂಚಿಕೆ ಬೇರೆಯೇ ಜಗಳ, ಅದಕ್ಕೆ ಇನ್ನೊಂದು ಸಂಚಿಕೆ ಬೇಕು.

ಎಡ್ಜ್‌ವುಡ್ ಸುಮ್ಮನೆ ಕೂರಲಿಲ್ಲ. 1984ರಲ್ಲಿ ರಾಜ್ಯದ ಸಂವಿಧಾನ ಹಿಡಿದು ಮತ್ತೆ ದಾವೆ ಹೂಡಿದರು. ಅದರಲ್ಲಿ ಸಮರ್ಥ ಶಾಲಾ ವ್ಯವಸ್ಥೆ ರಾಜ್ಯದ ಹೊಣೆ ಅಂತ ಬರೆದೇ ಇದೆ. 1989ರಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಒಮ್ಮತದಿಂದ ಹಳೆ ವ್ಯವಸ್ಥೆಯನ್ನು ರದ್ದು ಮಾಡಿತು. ಆ ಹೊತ್ತಿಗೆ ಆಲಮೊ ಹೈಟ್ಸ್‌ನ ತಲಾ ಆಸ್ತಿ 5,70,109 ಡಾಲರ್, ಎಡ್ಜ್‌ವುಡ್‌ನದ್ದು 38,854. 1993ರಲ್ಲಿ ಶ್ರೀಮಂತ ಜಿಲ್ಲೆಗಳ ಹೆಚ್ಚುವರಿ ತೆರಿಗೆಯನ್ನು ಬಡ ಜಿಲ್ಲೆಗಳಿಗೆ ತಿರುಗಿಸುವ ಕಾನೂನು ಬಂತು. ಜನ ಅದಕ್ಕಿಟ್ಟ ಹೆಸರು 'ರಾಬಿನ್ ಹುಡ್'. ರಾಡ್ರಿಗಸ್ 2013ರಲ್ಲಿ, 87ನೇ ವಯಸ್ಸಿನಲ್ಲಿ ತೀರಿಕೊಂಡರು. ಟೆಕ್ಸಾಸಿನ ಶಾಲಾ ಹಣದ ಮೇಲಿನ ಇನ್ನೊಂದು ದೊಡ್ಡ ಮೊಕದ್ದಮೆ ಆಗಲೂ ನಡೀತಾನೇ ಇತ್ತು.