‘ಮಾರ್ಚ್ 31ರವರೆಗೆ’ ಎಂದರೆ 31 ಸೇರುತ್ತದೆಯೇ? ಡೇಟಾಬೇಸ್ ಹೇಳುವುದೇ ಬೇರೆ!

‘ಮಾರ್ಚ್ 31ರವರೆಗೆ ರಿಯಾಯಿತಿ’ ಎಂದರೆ ಏನೆಂದು ರಬಕವಿಯ ಯಾವುದೇ ಸೀರೆ ಅಂಗಡಿಯಲ್ಲಿ ಕೇಳಿ. 31ರ ರಾತ್ರಿ ಬಾಗಿಲು ಹಾಕುವ ತನಕ ಎನ್ನುತ್ತಾರೆ. ಆದರೆ ಅಂಗಡಿಯ ಬಿಲ್ಲುಗಳು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿದ್ದರೆ, ಅದರ ಲೆಕ್ಕದಲ್ಲಿ ‘31ರವರೆಗೆ’ ಎಂದರೆ 30ಕ್ಕೇ ಮುಗಿಯಿತು!

ಲಕ್ಷಾಂತರ ಬಿಲ್ಲುಗಳು ಒಂದೇ ಟೇಬಲ್‌ನಲ್ಲಿ ತುಂಬಿಕೊಂಡರೆ ಹುಡುಕುವುದು ನಿಧಾನವಾಗುತ್ತದೆ. ಅದಕ್ಕೆ ವರ್ಷಕ್ಕೊಂದರಂತೆ ಭಾಗ ಮಾಡುತ್ತಾರೆ. ಇದೇ ಪಾರ್ಟಿಷನ್. ನಮ್ಮ ವ್ಯಾಪಾರಿಗಳು ದೀಪಾವಳಿಗೆ ಪೂಜೆ ಮಾಡಿ ಹೊಸ ಕಿರ್ದಿ ತೆರೆಯುತ್ತಾರಲ್ಲ, ಹಾಗೆ. ಹೀಗೆ ಒಡೆದರೆ ಹಳೆಯ ಲೆಕ್ಕ ಅಳಿಸಿಹೋಗುವುದಿಲ್ಲ. ಹೊರಗಿನಿಂದ ನೋಡುವವರಿಗೆ ಅದು ಈಗಲೂ ಒಂದೇ ಟೇಬಲ್.

ತೊಂದರೆ ಇರುವುದು ಗಡಿಯನ್ನು ಹೇಳುವ ಪದದಲ್ಲಿ. ಮೈಎಸ್‌ಕ್ಯುಎಲ್ ಮತ್ತು ಒರಾಕಲ್‌ನಲ್ಲಿ ‘ಲೆಸ್ ದ್ಯಾನ್’, ಅಂದರೆ ‘ಇದಕ್ಕಿಂತ ಕಡಿಮೆ’ ಎಂದು ಬರೆಯಬೇಕು. ಏಪ್ರಿಲ್ 1ಕ್ಕಿಂತ ಕಡಿಮೆ ಎಂದ ಮೇಲೆ ಗೊಂದಲವೇ ಇಲ್ಲ. 2017ರಲ್ಲಿ ಬಂದ ಪೋಸ್ಟ್‌ಗ್ರೆಸ್ 10 ಮಾತ್ರ ‘ಫ್ರಮ್–ಟು’ ಆರಿಸಿಕೊಂಡಿತು. ಓದಲು ಸೊಗಸಾಗಿದೆ, ಆದರೆ ‘ಟು’ ನಂತರ ಬರೆದ ದಿನಾಂಕ ಆ ಭಾಗಕ್ಕೆ ಸೇರುವುದಿಲ್ಲ. ಅದೇ ಭಾಷೆಯ ‘ಬಿಟ್ವೀನ್’ನಲ್ಲಿ ಕೊನೆಯ ದಿನ ಸೇರುತ್ತದೆ! ಹೊಸಬರು ಎಡವದೆ ಇನ್ನೇನು ಮಾಡಿಯಾರು? ನಮ್ಮನ್ನು ಕೇಳಿದರೆ ‘ಲೆಸ್ ದ್ಯಾನ್’ ಹೆಚ್ಚು ಪ್ರಾಮಾಣಿಕ.

ಹಾಗಾದರೆ ಕೊನೆಯ ದಿನವನ್ನು ಬಿಡುವುದೇಕೆ? ಸಮಯದ ಕಾರಣಕ್ಕೆ. 31ರ ರಾತ್ರಿ 11:59ರವರೆಗೆ ಎಂದು ಬರೆದರೆ ಕೊನೆಯ ನಿಮಿಷದ ಸೆಕೆಂಡುಗಳು ಯಾವ ಭಾಗಕ್ಕೂ ಸೇರದೆ ಉಳಿಯುತ್ತವೆ. ಏಪ್ರಿಲ್ 1ರ ಶುರುವಿನಲ್ಲೇ ಒಂದು ಭಾಗ ಮುಗಿದು ಇನ್ನೊಂದು ಆರಂಭವಾದರೆ ನಡುವೆ ಬಿರುಕೂ ಇಲ್ಲ, ಒಂದು ಬಿಲ್ಲು ಎರಡು ಕಡೆ ಸೇರುವ ಭಯವೂ ಇಲ್ಲ. ಹಾಗಾಗಿ 2024–25ರ ಭಾಗಕ್ಕೆ ‘2024 ಏಪ್ರಿಲ್ 1ರಿಂದ 2025 ಏಪ್ರಿಲ್ 1’ ಎಂದೇ ಬರೆಯಬೇಕು.

ಮಾರ್ಚ್ 31 ಎಂದು ಬರೆದು, ಮುಂದಿನ ಭಾಗವನ್ನು ಏಪ್ರಿಲ್ 1ರಿಂದ ಆರಂಭಿಸಿದರೆ? ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯ ದಿನವೇ ಬಿಲ್ಲು ದಾಖಲಾಗದೆ ಎರರ್ ಬರುತ್ತದೆ. ‘ಡಿಫಾಲ್ಟ್’ ಭಾಗ ಇಟ್ಟಿದ್ದರೆ ಎರರ್ ಬರುವುದಿಲ್ಲ, ಬಿಲ್ಲು ಸದ್ದಿಲ್ಲದೆ ಅಲ್ಲಿಗೆ ಹೋಗಿ ಕೂರುತ್ತದೆ.

ಊರಿನ ಹೆಸರಿನಿಂದ ಭಾಗ ಮಾಡಿದರೆ ಈ ಗಡಿಯ ತಕರಾರಿಲ್ಲ. ಅಲ್ಲಿ ತಕರಾರು ಬೇರೆ: ಜಮಖಂಡಿ ತಾಲ್ಲೂಕಿನಿಂದ ಬೇರೆಯಾದ ರಬಕವಿ-ಬನಹಟ್ಟಿಯ ಹೆಸರನ್ನು ಪಟ್ಟಿಗೆ ಸೇರಿಸಲು ಮರೆತರೆ ಆ ತಾಲ್ಲೂಕಿನ ದಾಖಲೆಗಳಿಗೂ ಇದೇ ಗತಿ. ಅಂಗಡಿಗೆ ಹೊಸ ಸಾಫ್ಟ್‌ವೇರ್ ಹಾಕಿಸುವವರು ಮಾರ್ಚ್ 31ರ ದಿನಾಂಕದ ಒಂದು ಪರೀಕ್ಷಾ ಬಿಲ್ಲು ಹಾಕಿಸಿ, ಅದು ಯಾವ ಭಾಗಕ್ಕೆ ಹೋಯಿತೆಂದು ತೋರಿಸಲು ಹೇಳಿ.