ಬಿಸಿಬೇಳೆಬಾತ್ ಪೌಚ್ ಒಳಗಿನ ಅರ್ಧ ಗ್ರಾಂ ಅಂಟು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಹೋದ ತಿಂಗಳು ನಮ್ಮಕ್ಕ ಅಮೆರಿಕಕ್ಕೆ ವಾಪಸ್ ಹೊರಟಳು. ಸೂಟ್‌ಕೇಸ್ ತುಂಬಿಸೋ ಕೆಲಸ ಅಮ್ಮಂದು. ಚಟ್ನಿಪುಡಿ, ಹಪ್ಪಳ, ಅದರ ಮೇಲೆ ಸಾಲಾಗಿ ಹದಿನಾಲ್ಕು ರೆಡಿ ಟು ಈಟ್ ಬಿಸಿಬೇಳೆಬಾತ್ ಪೌಚ್. ಇಡ್ತಾ ಇಡ್ತಾ ಅಮ್ಮ ಕೇಳಿದ್ರು: "ಅಲ್ವೇ, ನಾನು ಬೆಳಗ್ಗೆ ಮಾಡಿದ್ದು ಸಂಜೆಗೆ ಹಳಸುತ್ತೆ. ಇದು ಫ್ರಿಜ್ಜಲ್ಲೂ ಇಡದೆ ತಿಂಗಳಾನುಗಟ್ಟಲೆ ಹೆಂಗೆ ಇರುತ್ತೆ? ಏನೋ ಹಾಕಿರ್ತಾರೆ ಬಿಡು."

ನನಗೂ ಹಾಗೇ ಅನಿಸಿತ್ತು. ಹುಡುಕಿ ನೋಡಿದ್ರೆ, ಅನ್ನದೊಳಗೆ ಏನೂ ಹಾಕಬೇಕಾಗಿಲ್ಲ. ಗುಟ್ಟು ಇರೋದು ಪೌಚ್‌ನಲ್ಲಿ. ಆ ಪೌಚ್‌ನಲ್ಲೂ ಯಾರ ಕಣ್ಣಿಗೂ ಬೀಳದ ಒಂದು ವಸ್ತುವಿನಲ್ಲಿ: ಅಂಟು. ಇವತ್ತಿನ ಕಥೆ ಅದರದ್ದು.

ಮೊದಲು ಒಂದು ಪ್ರಯೋಗ. ಇಂಥ ಖಾಲಿ ಪೌಚ್ ಮನೆಯಲ್ಲಿದ್ರೆ ಕತ್ತರಿಯಿಂದ ಒಂದು ಪಟ್ಟಿ ಕತ್ತರಿಸಿ. ಅಂಚನ್ನ ನೋಡಿದ್ರೆ ಒಂದೇ ಹಾಳೆ ಥರ ಕಾಣುತ್ತೆ. ಅಲ್ಲಿರೋದು ಮೂರು. ಹೊರಗೆ ಪಾಲಿಯೆಸ್ಟರ್ ಹಾಳೆ, ಸಾಮಾನ್ಯವಾಗಿ 12 ಮೈಕ್ರಾನ್ ದಪ್ಪ. ನಡುವೆ ಅಲ್ಯೂಮಿನಿಯಂ ಫಾಯಿಲ್, 9 ಮೈಕ್ರಾನ್ ಆಸುಪಾಸು. ಒಳಗೆ ಪಾಲಿಪ್ರೊಪಿಲೀನ್, 70 ಮೈಕ್ರಾನ್ ಆಸುಪಾಸು. ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ. ಈಗ ಉಗುರಿನಿಂದ ಪದರ ಬಿಡಿಸೋಕೆ ನೋಡಿ. ನಾನು ಅರ್ಧ ಗಂಟೆ ಒದ್ದಾಡಿದೆ. ಉಗುರು ಮುರೀತು, ಪದರ ಬಿಡಲಿಲ್ಲ.

ಮೂರು ಯಾಕೆ ಬೇಕು? ಒಬ್ಬೊಬ್ಬರೇ ಇದ್ರೆ ಯಾರೂ ಕೆಲಸಕ್ಕೆ ಬರಲ್ಲ. ಗಾಳಿ, ಬೆಳಕು, ತೇವ ಮೂರನ್ನೂ ತಡೆಯೋ ತಾಕತ್ತು ಫಾಯಿಲ್‌ಗೆ ಇದೆ, ಆದ್ರೆ ಅಷ್ಟು ತೆಳ್ಳಗಿದ್ರೆ ಮಡಿಸಿದ ಕೂಡಲೇ ಹರಿಯುತ್ತೆ, ಸೂಜಿಮೊನೆಯಂಥ ತೂತುಗಳೂ ಇರುತ್ತವೆ. ಪಾಲಿಯೆಸ್ಟರ್ ಗಟ್ಟಿ, ಅದರ ಮೇಲೆ ಪ್ರಿಂಟ್ ಚೆನ್ನಾಗಿ ಕೂರುತ್ತೆ, ಆದ್ರೆ ನಿಧಾನವಾಗಿ ಗಾಳಿ ಬಿಡುತ್ತೆ. ಪಾಲಿಪ್ರೊಪಿಲೀನ್ ಬಿಸಿ ತಾಗಿದ್ರೆ ತನಗೆ ತಾನೇ ಬೆಸೆದುಕೊಳ್ಳುತ್ತೆ, ಪೌಚ್ ಸೀಲ್ ಆಗೋದು ಅದರಿಂದಲೇ. ಇನ್ನು ಇವರ ಊರು ನೋಡಿ. ಫಾಯಿಲನ್ನ ಕಾರ್ಖಾನೆಯಲ್ಲಿ ರೋಲರ್‌ಗಳ ನಡುವೆ ಲಟ್ಟಿಸೋ ವಿಧಾನ ಸ್ವಿಟ್ಜರ್ಲೆಂಡಿನ ನೆಹರ್ ಕುಟುಂಬದ್ದು, 1910. ಪಾಲಿಯೆಸ್ಟರ್ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಅವರದ್ದು, 1941. ಪೌಚ್‌ಗೆ ಬೇಕಾದಂಥ ಪಾಲಿಪ್ರೊಪಿಲೀನ್ ಬಂದದ್ದು ಇಟಲಿಯ ಜೂಲಿಯೋ ನಟ್ಟಾ 1954ರಲ್ಲಿ ಮಾಡಿದ ಕೆಲಸದಿಂದ. ಮೂರು ದೇಶ, ಮೂರು ಸ್ವಭಾವ. ಇವರನ್ನ ಒಂದೇ ಮನೆಯಲ್ಲಿ ಕೂರಿಸೋದೇ ಕಷ್ಟದ ಕೆಲಸ.

ಸ್ಕೂಲಲ್ಲಿ ನಾವೆಲ್ಲ ಬಳಸಿದ ಬಿಳಿ ಗೋಂದು ಇಲ್ಲಿ ನಡೆಯಲ್ಲ. ಕಾಗದ, ಮರ ಅದರ ನೀರನ್ನ ಹೀರಿಕೊಳ್ತವೆ, ಅಂಟು ಒಳಗಿಳಿದು ಗಟ್ಟಿಯಾಗುತ್ತೆ. ಪ್ಲಾಸ್ಟಿಕ್ ಹಾಳೆ ಏನನ್ನೂ ಹೀರಲ್ಲ. ಕೆಸುವಿನ ಎಲೆ ಮೇಲೆ ನೀರು ಹಾಕಿದ್ರೆ ಮುತ್ತಾಗಿ ಉರುಳುತ್ತಲ್ಲ, ಪಾಲಿಪ್ರೊಪಿಲೀನ್ ಮೇಲೂ ಹೆಚ್ಚುಕಮ್ಮಿ ಹಾಗೇ.

ಇದಕ್ಕೆ ದಾರಿ ಸಿಕ್ಕಿದ್ದು ಡೆನ್ಮಾರ್ಕ್‌ನಲ್ಲಿ, 1951ರ ಹೊತ್ತಿಗೆ. ಅಲ್ಲಿನ ವರ್ನರ್ ಐಸ್ಬಿ ಅನ್ನೋ ಎಂಜಿನಿಯರ್, ಓಡ್ತಾ ಇರೋ ಪ್ಲಾಸ್ಟಿಕ್ ಹಾಳೆಯ ಮೇಲೆ ಹೈ ವೋಲ್ಟೇಜ್ ವಿದ್ಯುತ್ತನ್ನ ಹಾಯಿಸೋ ಕೊರೋನಾ ಟ್ರೀಟ್‌ಮೆಂಟ್ ತಂದರು. ವೈರಸ್‌ಗೂ ಇದಕ್ಕೂ ಸಂಬಂಧ ಇಲ್ಲ! ಗಾಳಿಯಲ್ಲಿರೋ ಆಮ್ಲಜನಕ ಹಾಳೆಯ ಮೇಲ್ಮೈಗೆ ಸೇರ್ಕೊಳ್ಳುತ್ತೆ, ಆಗ ಅಂಟಿಗೂ ಶಾಯಿಗೂ ಹಿಡಿದುಕೊಳ್ಳೋಕೆ ಜಾಗ ಸಿಗುತ್ತೆ. ಇವತ್ತಿಗೂ ಕಾರ್ಖಾನೆಗಳಲ್ಲಿ ಒಂದು ಪರೀಕ್ಷಾ ಪೆನ್ನಿನಿಂದ ಹಾಳೆ ಮೇಲೆ ಗೆರೆ ಎಳೆದು ನೋಡ್ತಾರೆ. ಗೆರೆ ಹಾಗೇ ನಿಂತ್ರೆ ಹಾಳೆ ತಯಾರು, ಹನಿಹನಿಯಾಗಿ ಒಡೆದ್ರೆ ಮತ್ತೆ ಟ್ರೀಟ್‌ಮೆಂಟ್. ದಿನ ಕಳೆದಂತೆ ಈ ಗುಣ ಕಡಿಮೆಯಾಗೋದ್ರಿಂದ, ಹಳೇ ಸ್ಟಾಕ್ ಅಂದ್ರೆ ಅವರಿಗೂ ತಲೆನೋವು.

ಜಾಗ ಸಿಕ್ಕಿತು, ಅಂಟು ಯಾವುದು? ಪಾಲಿಯುರೆಥೇನ್. 1937ರಲ್ಲಿ ಜರ್ಮನಿಯ ಲೆವರ್ಕೂಸನ್‌ನಲ್ಲಿ ಓಟೋ ಬಾಯರ್ ಮತ್ತು ಸಂಗಡಿಗರು ಕಂಡುಹಿಡಿದ ರಸಾಯನ. ಸೋಫಾದ ಫೋಮ್, ಶೂ ಸೋಲ್ ಎಲ್ಲ ಇದೇ ಬಳಗದ್ದು. ಪೌಚ್‌ಗೆ ಬಳಸೋ ಅಂಟು ಎರಡು ಡಬ್ಬಿಯಲ್ಲಿ ಬರುತ್ತೆ. ಒಂದರಲ್ಲಿ ಪಾಲಿಯಾಲ್, ಇನ್ನೊಂದರಲ್ಲಿ ಐಸೋಸಯನೇಟ್. ಬೇರೆ ಬೇರೆ ಇದ್ದಾಗ ಎರಡೂ ದ್ರವ. ಬೆರೆಸಿದ ಮೇಲೆ ಒಂದನ್ನೊಂದು ಹಿಡಿದು ಬಲೆಯಂತೆ ಹೆಣೆದುಕೊಳ್ತವೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅಂದ್ಕೊಳ್ಳಿ. ಹೆಪ್ಪು ಹಾಕಿದ ಪಾತ್ರೆ ಅಲುಗಾಡಿಸದೆ ಬೆಚ್ಚಗೆ ಇಡ್ತೀವಲ್ಲ, ಅದೇ ಥರ ಅಂಟಿಸಿದ ದೊಡ್ಡ ದೊಡ್ಡ ರೋಲ್‌ಗಳನ್ನ ಬೆಚ್ಚನೆಯ ಕೋಣೆಯಲ್ಲಿ ದಿನಗಟ್ಟಲೆ ಇಡ್ತಾರೆ. ಪೂರ್ತಿ ಹೆಪ್ಪುಗಟ್ಟೋ ಮೊದಲೇ ಅವಸರ ಮಾಡಿ ಪೌಚ್ ಮಾಡಿದ್ರೆ ಪದರ ಬಿಡಬಹುದು. ಅದಕ್ಕಿಂತ ಗಂಭೀರ ವಿಷಯ ಇನ್ನೊಂದಿದೆ. ಬೆರೆಯದೆ ಉಳಿದ ರಾಸಾಯನಿಕ ಊಟದ ಕಡೆಗೆ ಜಾರಬಹುದು.

ಈ ಹೆದರಿಕೆಯೇ ನಮ್ಮ ಕಥೆಯ ತಿರುವು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ತಗಡಿನ ಡಬ್ಬಿಯ ಊಟ ಹೊತ್ತು ನಡೆದಿದ್ರು. ಡಬ್ಬಿ ಭಾರ, ಜೇಬಿನಲ್ಲಿ ಒತ್ತುತ್ತೆ. ಡಬ್ಬಿಯ ಕೆಲಸವನ್ನ ಚಪ್ಪಟೆ ಪೌಚ್ ಮಾಡಬಲ್ಲದಾ ಅಂತ ಸೇನೆಯ ನೇಟಿಕ್ ಪ್ರಯೋಗಾಲಯ 1950ರ ದಶಕದ ಕೊನೆಯಿಂದ ಕೆಲಸ ಮಾಡ್ತು. ಜೊತೆಗೆ ರೆನಾಲ್ಡ್ಸ್ ಮೆಟಲ್ಸ್, ಕಾಂಟಿನೆಂಟಲ್ ಅನ್ನೋ ಕಂಪನಿಗಳು. ಪರೀಕ್ಷೆ ಕಠಿಣ. ಊಟ ತುಂಬಿ ಸೀಲ್ ಮಾಡಿದ ಪೌಚನ್ನ ದೊಡ್ಡ ಪ್ರೆಷರ್ ಕುಕ್ಕರ್‌ನಂಥ ರಿಟಾರ್ಟ್‌ನಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಬೇಕು, ರೋಗಾಣುಗಳ ಬೀಜಕಣಗಳು ಸಾಯೋತನಕ. ಹಾಳೆಗಳು ತಡೀತವೆ. ನಡುವಿನ ಅಂಟೂ ತಡೀಬೇಕು.

ಅಂಟು ತಡೀತು. ಆದ್ರೆ 1970ರ ದಶಕದ ಮಧ್ಯದಲ್ಲಿ ಅಮೆರಿಕದ ಆಹಾರ ನಿಯಂತ್ರಕರು ಬ್ರೇಕ್ ಹಾಕಿದರು. ಅಷ್ಟು ಬಿಸಿಯಲ್ಲಿ ಅಂಟಿನ ಅಂಶಗಳು ಒಳಪದರ ದಾಟಿ ಊಟಕ್ಕೆ ಸೇರ್ತವಾ ಅನ್ನೋ ಪ್ರಶ್ನೆ ಎದ್ದಿತ್ತು. ಪೌಚ್ ಗಟ್ಟಿ ಇದೆ ಅಂತ ತೋರಿಸಿದ್ರೆ ಸಾಲದು, ತಿನ್ನೋರಿಗೆ ಅಪಾಯ ಇಲ್ಲ ಅಂತಲೂ ತೋರಿಸಿ ಅಂದರು. ಹೊಸ ರೀತಿಯ ಜೋಡಣೆಗಳು ಬಂದವು, 1977ರಲ್ಲಿ ಮತ್ತೆ ಒಪ್ಪಿಗೆ ಸಿಕ್ತು. ಮರುವರ್ಷ ಅಲ್ಲಿನ ಆಹಾರ ತಂತ್ರಜ್ಞರ ಸಂಸ್ಥೆ ಈ ಪೌಚ್‌ಗೆ ಪ್ರಶಸ್ತಿ ಕೊಟ್ಟಿತು. ಅಂಟನ್ನ ಸರ್ಕಾರ ಹೀಗೆ ಗಂಭೀರವಾಗಿ ವಿಚಾರಣೆ ಮಾಡಿದ ಈ ಘಟನೆ ನನಗೆ ತುಂಬ ಮುಖ್ಯ ಅನಿಸುತ್ತೆ. ಯಾಕೆ ಅಂತ ಕೊನೆಯಲ್ಲಿ ಹೇಳ್ತೀನಿ.

ಅಂಗಡಿಗೆ ಮೊದಲು ಬಂದದ್ದು ಮಾತ್ರ ಜಪಾನಿನಲ್ಲಿ. 1968ರ ಫೆಬ್ರವರಿಯಲ್ಲಿ ಒತ್ಸುಕಾ ಕಂಪನಿಯ ಬಾನ್ ಕರಿ. ಮೊದಲ ಪೌಚ್ ಪಾರದರ್ಶಕ, ಫಾಯಿಲ್ ಇರಲಿಲ್ಲ, ಎರಡು ಮೂರು ತಿಂಗಳಷ್ಟೇ ಬಾಳ್ತಿತ್ತು. ಮರುವರ್ಷ ನಡುವೆ ಫಾಯಿಲ್ ಸೇರಿಸಿದ್ರು. ಬಾಳಿಕೆ ಎರಡು ವರ್ಷಕ್ಕೆ ಏರಿತು. ಒಂದು ತೆಳು ಲೋಹದ ಹಾಳೆ ಮಾಡಿದ ವ್ಯತ್ಯಾಸ ಅದು.

ಈಗ ನಮ್ಮೂರಿಗೆ ಬರೋಣ. ಭಾರತದ ಸೇನೆಗೂ ಇದೇ ಚಿಂತೆ: ಹಿಮದ ಬೆಟ್ಟದ ಮೇಲಿರೋ ಯೋಧನಿಗೆ ನಮ್ಮ ರುಚಿಯ ಊಟ ಹೇಗೆ ತಲುಪಿಸೋದು? ಅದಕ್ಕಾಗಿ ಕೆಲಸ ಮಾಡಿದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಡಿಎಫ್‌ಆರ್‌ಎಲ್, 1961ರಲ್ಲಿ ಮೈಸೂರಿನಲ್ಲಿ ಶುರುವಾಯ್ತು. ಪಲಾವ್, ಪಲ್ಯ, ಸಾರು ಎಲ್ಲವನ್ನೂ ರಿಟಾರ್ಟ್ ಪೌಚ್‌ಗೆ ಇಳಿಸಿದ ತಂತ್ರಜ್ಞಾನ ಅಲ್ಲಿ ಬೆಳೀತು, ಮುಂದೆ ಖಾಸಗಿ ಕಂಪನಿಗಳಿಗೂ ಸಿಕ್ತು. ಹಾಗೆ ಪಡೆದವರಲ್ಲಿ ಬೆಂಗಳೂರಿನ ಎಂಟಿಆರ್ ಕೂಡ ಒಬ್ಬರು. 1924ರಲ್ಲಿ ಹೋಟೆಲಾಗಿ ಶುರುವಾಗಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ನಡೆಸೋದು ಕಷ್ಟವಾದಾಗ ಪ್ಯಾಕೆಟ್ ಪುಡಿಗಳ ಕಡೆ ತಿರುಗಿದ ಸಂಸ್ಥೆ ಅದು. ಸೈನಿಕನ ಬೆನ್ನಿನ ಚೀಲಕ್ಕೆ ಅಂತ ಹುಟ್ಟಿದ್ದು ಕೊನೆಗೆ ಅಕ್ಕನ ಸೂಟ್‌ಕೇಸ್ ಸೇರಿತು.

ನಾನು ಓದಿದ್ದು ಬಿ.ಕಾಂ, ಆದ್ದರಿಂದ ಒಂದು ಲೆಕ್ಕ ಹಾಕದೆ ಇರೋಕಾಗಲ್ಲ. ಚದರ ಮೀಟರ್‌ಗೆ ಸುಮಾರು 4 ಗ್ರಾಂ ಅಂಟು ಅಂತಿಟ್ಕೊಳ್ಳಿ. 15 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರದ ಪೌಚ್. ಎರಡು ಮುಖ, ಪ್ರತಿ ಮುಖದಲ್ಲೂ ಅಂಟಿನ ಎರಡು ಪದರ. ಎಲ್ಲ ಸೇರಿದ್ರೂ ಅರ್ಧ ಗ್ರಾಂ ದಾಟಲ್ಲ. ಚಿಟಿಕೆ ಉಪ್ಪಿನಷ್ಟು.

ಆ ಅರ್ಧ ಗ್ರಾಂನ ಇನ್ನೊಂದು ಲೆಕ್ಕ ನನಗೆ ಸಿಕ್ಕಿದ್ದು ನಮ್ಮ ಏರಿಯಾದ ಒಣ ಕಸ ಸಂಗ್ರಹ ಕೇಂದ್ರದಲ್ಲಿ. ಕತ್ತರಿಸಿದ ಪೌಚ್ ಹಿಡಿದು ಅಲ್ಲಿಗೆ ಹೋಗಿದ್ದೆ. ನೀರಿನ ಬಾಟಲಿಗೆ ಒಂದು ರಾಶಿ, ಹಾಲಿನ ಕವರ್‌ಗೆ ಒಂದು ರಾಶಿ, ರಟ್ಟಿಗೆ ಒಂದು. ಕಸ ಬೇರ್ಪಡಿಸ್ತಿದ್ದ ಹಿರಿಯಮ್ಮ ಒಬ್ಬರು ಪೌಚನ್ನ ಕೈಯಲ್ಲಿ ಹಿಡಿದು ಒಂದ್ಸಲ ಮಡಿಸಿದ್ರು, ಅಷ್ಟೇ. "ಇದಕ್ಕೆ ರೇಟಿಲ್ಲ ಕಣಮ್ಮ. ಇದರೊಳಗೆ ಬೆಳ್ಳಿ ಐತೆ ನೋಡು, ಯಾರೂ ತಗಳಲ್ಲ," ಅಂತ ಮೂಲೆಯ ರಾಶಿಗೆ ಎಸೆದ್ರು. ಅಲ್ಯೂಮಿನಿಯಂಗೆ ಬೆಲೆ ಇದೆ. ಶುದ್ಧ ಪ್ಲಾಸ್ಟಿಕ್‌ಗೂ ಬೆಲೆ ಇದೆ. ಅಂಟಿಕೊಂಡ ಮೇಲೆ ಎರಡಕ್ಕೂ ಇಲ್ಲ. ಆ ಮೂಲೆಯ ರಾಶಿ ಬಹುತೇಕ ಹೋಗೋದು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ, ಇಲ್ಲವೇ ಊರಾಚೆಯ ಗುಂಡಿಗೆ.

ಇದು ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣೆ ನಿಯಮಗಳು, ಮರುಬಳಕೆ ಮಾಡಲಾಗದ ಬಹುಪದರದ ಪ್ಲಾಸ್ಟಿಕ್ ಎರಡು ವರ್ಷದಲ್ಲಿ ನಿಲ್ಲಬೇಕು ಅಂದವು. ಆ ಎರಡು ವರ್ಷ ಮುಗಿಯೋ ಹೊತ್ತಿಗೆ, 2018ರ ಮಾರ್ಚ್‌ನಲ್ಲಿ ತಿದ್ದುಪಡಿ ಬಂತು. ಮರುಬಳಕೆ ಆಗದ್ದು ಅನ್ನೋದರ ಪಕ್ಕಕ್ಕೆ, ಶಕ್ತಿ ಪಡೆಯಲಾಗದ್ದು, ಬೇರೆ ಉಪಯೋಗ ಇಲ್ಲದ್ದು ಅನ್ನೋ ಮಾತುಗಳನ್ನ ಸೇರಿಸಿದ್ರು. ಸುಟ್ಟು ಶಾಖ ಪಡೆಯಬಹುದಾದ್ರೆ ಅದು ಉಪಯೋಗಕ್ಕೆ ಬಂತು ಅಂತಾಯ್ತು. ಇಷ್ಟು ಸಣ್ಣ ಪದಗಳಲ್ಲಿ ಪೌಚ್ ಉಳ್ಕೊಂಡಿತು.

ಅಮೆರಿಕದ ಆ ವಿಚಾರಣೆ ಮುಖ್ಯ ಅಂದೆನಲ್ಲ, ಕಾರಣ ಇದು. ಆಗ ಅಂಟಿಗೆ ಎರಡು ಪ್ರಶ್ನೆ ಕೇಳಿದ್ರು: ಹಿಡಿಯುತ್ತೀಯಾ, ಊಟ ಕೆಡಿಸಲ್ವಾ? ಎರಡನೇ ಪ್ರಶ್ನೆ ಕೇಳಿ, ಮಾರಾಟ ತಡೆದು ನಿಲ್ಲಿಸಿದ್ದಕ್ಕೇ ಒಳ್ಳೇ ಅಂಟು ಬಂತು. ಬೇಕಾದಾಗ ಬಿಡ್ತೀಯಾ ಅನ್ನೋ ಮೂರನೇ ಪ್ರಶ್ನೆಯನ್ನ ನಾವು ಅಷ್ಟು ಗಟ್ಟಿಯಾಗಿ ಕೇಳಿಲ್ಲ. ಎಲ್ಲ ಪದರವೂ ಒಂದೇ ಜಾತಿಯ ಪ್ಲಾಸ್ಟಿಕ್ ಆಗಿರೋ ಪೌಚ್‌ಗಳ ಮೇಲೆ, ಕೆಲಸ ಮುಗಿದ ಮೇಲೆ ಬಿಟ್ಟುಕೊಡೋ ಅಂಟುಗಳ ಮೇಲೆ ಈಗ ಕೆಲಸ ನಡೀತಿದೆ. ಕಾನೂನು ಕೇಳದೆ ಇದ್ರೆ ಅದು ಅವಸರದ ಕೆಲಸ ಆಗಲ್ಲ. ಮೂಲೆಯ ರಾಶಿಗೆ ರೇಟೂ ಬರಲ್ಲ.

ಅಲ್ಲಿವರೆಗೆ ನಾವು ಮಾಡಬಹುದಾದ್ದು ಚಿಕ್ಕದು. ಖಾಲಿ ಪೌಚನ್ನ ಒಂದ್ಸಲ ತೊಳೆದು, ಒಣಗಿಸಿ, ಒಣ ಕಸಕ್ಕೆ ಕೊಡಿ. ಬೇರ್ಪಡಿಸೋರ ಕೈಗೆ ಹಳಸಿದ ಅನ್ನ ಅಂಟದೆ ಇದ್ರೆ ಅಷ್ಟೇ ಸಾಕು.

ಅಮ್ಮನಿಗೆ ಇದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅಂದ್ರು: "ಹಂಗಾದ್ರೆ ಅನ್ನದಲ್ಲಿ ಏನೂ ಹಾಕಿಲ್ಲ ತಾನೇ? ಸರಿ, ಮುಂದಿನ ಸಲ ಇಪ್ಪತ್ತು ಇಡೋಣ."

ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಿಮ್ಮ ಏರಿಯಾದಲ್ಲಿ ಈ ಬೆಳ್ಳಿ ಪೌಚ್‌ಗಳು ಎಲ್ಲಿಗೆ ಹೋಗ್ತವೆ ಅಂತ ಒಂದ್ಸಲ ವಿಚಾರಿಸಿ, ನನಗೂ ತಿಳಿಸಿ.