ಲೆನ್ಸಿನ ಕಿರುಕಿಂಡಿಯಲ್ಲಿ ಹಂಪಿ

ಹಂಪಿಯ ವಿಜಯವಿಠ್ಠಲ ದೇಗುಲದ ಕಲ್ಲಿನ ರಥಕ್ಕೆ ಒಂದು ಕಾಲದಲ್ಲಿ ಇಟ್ಟಿಗೆಯ ಶಿಖರವಿತ್ತು. ಇಂದು ಅದು ಉಳಿದಿರುವುದು ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದಂಥ ಹಳೆಯ ಫೋಟೋಗಳಲ್ಲಿ ಮಾತ್ರ.

ಗ್ರೀನ್‌ಲಾ ಬಳಸಿದ್ದು ಮೇಣ ಊಡಿಸಿದ ಕಾಗದದ ನೆಗೆಟಿವ್. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1851ರಲ್ಲಿ ಪ್ರಕಟಿಸಿದ ವಿಧಾನವಿದು. ರಾಸಾಯನಿಕ ಬಳಿದ ಕಾಗದವನ್ನು ಒಣಗಿಸಿ ದಿನಗಟ್ಟಲೆ ಇಟ್ಟುಕೊಳ್ಳಬಹುದಾಗಿತ್ತು. ಬಳ್ಳಾರಿ ಸೀಮೆಯ ಬಿಸಿಲಿಗೆ ಹೇಳಿಮಾಡಿಸಿದಂತಿತ್ತು. ನೆಗೆಟಿವ್‌ನ ಅಳತೆ ಸುಮಾರು 16 ಇಂಚಿಗೆ 18 ಇಂಚು. ಹಿಗ್ಗಿಸಿ ಮುದ್ರಿಸುವುದು ಆಗ ರೂಢಿಯಲ್ಲಿರಲಿಲ್ಲ. ದೊಡ್ಡ ಚಿತ್ರ ಬೇಕೆಂದರೆ ಅಷ್ಟೇ ದೊಡ್ಡ ನೆಗೆಟಿವ್ ಬೇಕು, ಅದನ್ನು ತುಂಬಲು ಉದ್ದ ನಾಭಿದೂರದ ಲೆನ್ಸೂ ಬೇಕು.

ಕಷ್ಟ ಶುರುವಾಗುವುದೇ ಅಲ್ಲಿ. ನಾಭಿದೂರ ಹೆಚ್ಚಿದಷ್ಟೂ ಡೆಪ್ತ್ ಆಫ್ ಫೀಲ್ಡ್, ಅಂದರೆ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವ ಹರವು, ಕಿರಿದಾಗುತ್ತದೆ. ಉದಾಹರಣೆಗೆ 20 ಇಂಚಿನ ಲೆನ್ಸನ್ನು ಲೆಕ್ಕಕ್ಕೆ ಹಿಡಿದರೆ, ಅಪರ್ಚರ್, ಅಂದರೆ ಬೆಳಕು ಒಳಬರುವ ರಂಧ್ರ, ಎಫ್/10 ಇದ್ದಾಗ ಹೇಗೆ ಫೋಕಸ್ ಮಾಡಿದರೂ ದೂರದ ಬೆಟ್ಟದ ಜೊತೆಗೆ ಸ್ಪಷ್ಟವಾಗಿ ಸಿಗುವುದು ಸುಮಾರು 43 ಮೀಟರಿನಿಂದ ಆಚೆಗಿನದು ಮಾತ್ರ. ರಂಧ್ರವನ್ನು ಎಫ್/30ಕ್ಕೆ, ಅಂದರೆ ಹೆಚ್ಚುಕಡಿಮೆ 17 ಮಿಲಿಮೀಟರ್ ವ್ಯಾಸಕ್ಕೆ ಇಳಿಸಿದರೆ 14 ಮೀಟರ್ ದೂರದ ಕಂಬವೂ ಬೆಟ್ಟವೂ ಒಟ್ಟಿಗೆ ಸಿಗುತ್ತವೆ. ಆದರೆ ಒಳಬರುವ ಬೆಳಕು ಒಂಬತ್ತನೆಯ ಒಂದು ಪಾಲಾಗುತ್ತದೆ.

ಕೊರತೆಬಿದ್ದ ಬೆಳಕನ್ನು ಕಾಲದಿಂದ ತುಂಬಬೇಕಿತ್ತು. ನಿಧಾನಗತಿಯ ಆ ಕಾಗದಕ್ಕೆ ನಿಮಿಷಗಟ್ಟಲೆ ಬೆಳಕುಣಿಸಬೇಕು. ಅಷ್ಟರಲ್ಲಿ ಎದುರಿಗೆ ನಡೆದುಹೋದ ಮನುಷ್ಯ ಚಿತ್ರದಲ್ಲಿ ಇರುವುದಿಲ್ಲ. ಗಾಳಿಗೆ ಅಲುಗಿದ ಮರ ಮಸುಕಾಗುತ್ತದೆ. ಅಲುಗದ ಕಲ್ಲಿಗೆ ಆ ಭಯವಿಲ್ಲ. ಗ್ರೀನ್‌ಲಾಗಿಂತ ಎರಡು ವರ್ಷ ಮೊದಲು, 1854ರಲ್ಲಿ, ಬೇಲೂರು ಹಳೇಬೀಡುಗಳಲ್ಲಿ ಕಾಗದದ ನೆಗೆಟಿವ್‌ಗಳನ್ನೇ ತೆಗೆದ ಛಾಯಾಗ್ರಾಹಕ ಲಿನೇಯಸ್ ಟ್ರೈಪ್‌ಗೂ ಹೊಯ್ಸಳರ ಶಿಲ್ಪಗಳೇ ತಕ್ಕ ವಸ್ತುವಾಗಿದ್ದವು.

ಹೀಗೆ ರಂಧ್ರವನ್ನು ಕಿರಿದಾಗಿಸಲು, ಬೇಕಾದ ಅಳತೆಯ ರಂಧ್ರವಿರುವ ಹಿತ್ತಾಳೆ ತಗಡನ್ನು ಲೆನ್ಸಿನ ಸೀಳಿಗೆ ತೂರಿಸುವ ಸುಲಭ ಉಪಾಯವನ್ನು ಜಾನ್ ವಾಟರ್‌ಹೌಸ್ ತಂದದ್ದು 1858ರಲ್ಲಿ. ಗ್ರೀನ್‌ಲಾನ ಹಂಪಿ ಕೆಲಸ ಅದಕ್ಕೂ ಹಿಂದಿನದು.

ಹಂಪಿಗೆ ಹತ್ತಿರದ ಸಂಡೂರಿನಿಂದಲೇ ಮುಂದಿನ ಶತಮಾನದಲ್ಲಿ ಬೇರೊಂದು ಬಗೆಯ ಛಾಯಾಗ್ರಾಹಕರು ಬಂದರು. ರಾಜ್ಯದ ಹಣಕಾಸು ಸಚಿವರೂ ಆಗಿದ್ದ ಎಂ.ವೈ. ಘೋರ್ಪಡೆ ವನ್ಯಜೀವಿಗಳ ಬೆನ್ನುಹತ್ತಿದವರು. ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಪುಸ್ತಕ ಹೊರಬಂದದ್ದು 1983ರಲ್ಲಿ. ಕಾಡಿನ ಮಬ್ಬುಬೆಳಕಿನಲ್ಲಿ ಚಲಿಸುವ ಪ್ರಾಣಿಯನ್ನು ಟೆಲಿ ಲೆನ್ಸಿನಲ್ಲಿ ಹಿಡಿಯುವವರು ಅಪರ್ಚರನ್ನು ಹಿಗ್ಗಿಸಲೇಬೇಕು. ಆಗ ಹಿಂದಿನ ಪೊದೆಗಳು ಕರಗಿಹೋಗುತ್ತವೆ. ಪ್ರಾಣಿ ಎದ್ದು ಕಾಣಲು ಅದೇ ಒಳ್ಳೆಯದು.

ಪಾಳುಬಿದ್ದ ನಗರವನ್ನು ಅಭ್ಯಾಸ ಮಾಡುವವರಿಗೆ ಹಿನ್ನೆಲೆಯೂ ಬೇಕು. ಅದೇ 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಹಂಪಿಯಲ್ಲಿ ಗ್ರೀನ್‌ಲಾ ಕ್ಯಾಮೆರಾ ಇಟ್ಟ ಜಾಗಗಳನ್ನು ಹುಡುಕಿ ಅದೇ ನೋಟಗಳನ್ನು ಮತ್ತೆ ತೆಗೆದರು. ಹತ್ತಿರದ ಕಲ್ಲಿನ ಅಂಚು ದೂರದ ಯಾವ ಬಂಡೆಗೆ ಸರಿಸಮನಾಗಿ ನಿಲ್ಲುತ್ತದೆ ಎಂದು ನೋಡಿಯೇ ಇಂಥ ಜಾಗವನ್ನು ಗುರುತಿಸಬೇಕು. ಎರಡರಲ್ಲಿ ಒಂದು ಮಸುಕಾಗಿದ್ದರೂ ಆ ಹೊಂದಾಣಿಕೆ ಸಿಗುತ್ತಿರಲಿಲ್ಲ. ಈಗ ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು, ನಡುವಿನ 127 ವರ್ಷಗಳಲ್ಲಿ ಏನೇನು ಬಿತ್ತು, ಏನನ್ನು ತೆಗೆದರು, ಎಲ್ಲಿ ದುರಸ್ತಿ ಮಾಡಿದರು ಎಂದು ಕಲ್ಲುಕಲ್ಲನ್ನೂ ಹೋಲಿಸಬಹುದು.